ಜ್ವರದ ವಿಳಾಸ

ಬೋಂಡದ ಹಿಟ್ಟಿಗೆ ಓಮ ಹಾಕಬೇಕೋ ಸೋಂಪು ಹಾಕಬೇಕೋ ಎಂಬ ವಿಷಯವನ್ನು ಇಲ್ಲಿ ಸಕಲ ಗಾಂಭೀರ್ಯದಿಂದ ಎತ್ತಿಕೊಳ್ಳುತ್ತಿದ್ದೇನೆ. ಓದುವವರು ದಯವಿಟ್ಟು ನಗಬಾರದು. ಸಾಮ್ರಾಜ್ಯಗಳು ಇದಕ್ಕಿಂತ ಸಣ್ಣ ಕಾರಣಕ್ಕೆ ಬಿದ್ದುಹೋಗಿವೆ ಎಂದು ನನ್ನ ಲೈಬ್ರರಿಯ ಚರಿತ್ರೆ ಪುಸ್ತಕಗಳು ಹೇಳುತ್ತವೆ. ನಮ್ಮ ಊರಿನಲ್ಲಂತೂ ಅದರ ಮೇಲೆ ಒಬ್ಬ ಮನುಷ್ಯನ ಪ್ರಾಣ ನಿಂತಿತ್ತು. ನನ್ನ ಮಟ್ಟಿಗೆ ನಾನು ಓಮದ ಪಕ್ಷ. ಆದರೂ ಪಕ್ಷಪಾತವಿಲ್ಲದೆ ಬರೆಯುತ್ತೇನೆ.

ನಮ್ಮ ಊರಿಗೆ ಏಳು ಬೀದಿ. ಒಂದೊಂದು ಬೀದಿಯ ಜ್ವರ ಒಂದೊಂದು ಮದ್ದಿಗೆ ಮಾತ್ರ ಬಗ್ಗುತ್ತದೆ. ಕಚೇರಿ ಬೀದಿಯಲ್ಲಿ ಹತ್ತಿದ ಜ್ವರಕ್ಕೆ ಬಿಳಿ ಮಾತ್ರೆ, ಗಾಣದ ಬೀದಿಯದಕ್ಕೆ ಕೆಂಪು-ಕಪ್ಪು ಕ್ಯಾಪ್ಸೂಲು, ಸುಣ್ಣದ ಬೀದಿಯದಕ್ಕೆ ನಾಲಿಗೆ ಮುದುಡಿಸುವ ಹಳದಿ ಮಾತ್ರೆ, ಹೂವಿನ ಬೀದಿಯದಕ್ಕೆ ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ನು. ಉಳಿದ ಬೀದಿಗಳಿಗೂ ಅವವುಗಳದೇ ಉಂಟು. ಜ್ವರ ಬಂದವನು ಎಲ್ಲಿ ಮಲಗಿದ್ದಾನೆ ಎಂಬುದು ಲೆಕ್ಕಕ್ಕಿಲ್ಲ. ಎಲ್ಲಿ ಹತ್ತಿಸಿಕೊಂಡ ಎಂಬುದೇ ಲೆಕ್ಕ. ಬೇರೆ ಊರಿನ ಡಾಕ್ಟರು ನಾಲಿಗೆ ಚಾಚಿ ಎನ್ನುವ ಕಡೆ ನಮ್ಮ ಡಾಕ್ಟರು "ಎಲ್ಲೆಲ್ಲಿ ಓಡಾಡಿದ್ರಿ?" ಎನ್ನುತ್ತಾರೆ. ಹೆಣ್ಣು ಕೊಡುವವರು ಗಂಡಿನ ಓದು ಕೇಳುವುದಕ್ಕೆ ಮೊದಲು ಅವನು ಸಂಜೆ ಹೊತ್ತು ಯಾವ ಬೀದಿಯಲ್ಲಿ ತಿರುಗುತ್ತಾನೆ ಎಂದು ವಿಚಾರಿಸುತ್ತಾರೆ. ಗುಟ್ಟಿನ ವ್ಯವಹಾರ ಇರುವ ಜಾಣರು ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯುತ್ತಾರೆ. ಹೀಗಾಗಿ ನಮ್ಮಲ್ಲಿ ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಡೆಯುವವನಿಗೆ ಯಾರೂ ಮನೆ ಬಾಡಿಗೆಗೆ ಕೊಡುವುದಿಲ್ಲ.

ಇನ್ನೊಂದು ಸಂಗತಿ. ಒಂದು ಬೀದಿಯ ಮದ್ದನ್ನು ಬೇರೆ ಬೀದಿಯ ಜ್ವರಕ್ಕೆ ಕೊಟ್ಟರೆ, ಮದ್ದು ಯಾವ ಬೀದಿಯದೋ ಆ ಬೀದಿ ಮುನಿಸಿಕೊಳ್ಳುತ್ತದೆ. ಮಳೆಗಾಲ ಕಳೆಯುವ ತನಕ ಅಲ್ಲಿಯ ಜ್ವರ ಆ ಮದ್ದಿನ ಮಾತು ಕೇಳುವುದಿಲ್ಲ. ಒಬ್ಬನ ಸುಳ್ಳಿಗೆ ಒಂದು ಬೀದಿ ದಂಡ ತೆರುತ್ತದೆ. ಅದಕ್ಕೇ ನಮ್ಮ ಡಾಕ್ಟರ್ ವಾರಿಜಾ ಮದ್ದಿನ ಬೀರುವಿನ ಬೀಗದ ಕೈಯನ್ನು ಮಾಂಗಲ್ಯದ ಸರಕ್ಕೇ ಪೋಣಿಸಿಕೊಂಡಿದ್ದಾರೆ. ಸೀನುತ್ತಾ ಬಂದು ಮಾತ್ರೆ ಕೇಳುವವರಿಗೆ ಅವರದು ಒಂದೇ ಉತ್ತರ: "ನೆಗಡಿಗೆ ವಿಳಾಸ ಇಲ್ಲ. ಮನೆಗೆ ಹೋಗಿ ಮಲಕ್ಕೊಳ್ಳಿ." ನನ್ನ ಲೈಬ್ರರಿಗೂ ಅವರ ದವಾಖಾನೆಗೂ ನಡುವೆ ಇರುವುದು ಒಂದು ತೆಳ್ಳನೆಯ ಗೋಡೆ. ನಾನು ಕದ್ದು ಕೇಳುವವನಲ್ಲ, ಗೋಡೆಯೇ ಹೇಳುತ್ತದೆ.

ರೋಗಿಗಳು ಸುಳ್ಳು ಹೇಳುತ್ತಾರಾದ್ದರಿಂದ ನಮ್ಮ ಊರಿನಲ್ಲಿ ಜ್ವರ ಹತ್ತಿದ ಬೀದಿಯನ್ನು ಪತ್ತೆಹಚ್ಚಲು ಬೀದಿ ಪಂಚರು ಎಂಬ ಹುದ್ದೆ ಇದೆ. ಆ ಕುರ್ಚಿಯಲ್ಲಿ ಬಹಳ ವರ್ಷದಿಂದ ಕೂತಿದ್ದವರು ಕಚೇರಿ ಬೀದಿಯ ಪಂಚಾಕ್ಷರಯ್ಯನವರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ವಿಭೂತಿ, ಎದುರಿನವನ ಪಾದವನ್ನು ನೋಡಿಯೇ ಮಾತು ಶುರುಮಾಡುವ ಅಭ್ಯಾಸ. ಒಮ್ಮೆ ಸೈಕಲ್ ಅಂಗಡಿಯ ಕೊಟ್ರೇಶಿ ಜ್ವರ ಹೊತ್ತು ಬಂದು, "ಅಂಗಡಿ ಬಿಟ್ಟು ಎಲ್ಲೂ ಹೋಗಿಲ್ಲ ಅಯ್ಯನೋರೇ" ಅಂದ. "ಹಾಗಾದ್ರೆ ಚಪ್ಪಲಿಗೆ ಸೇವಂತಿಗೆ ಎಸಳು ಹ್ಯಾಗೆ ಅಂಟ್ಕೊಂತು? ನಿನ್ನ ಸೈಕಲ್ಲು ಹೂ ಬಿಡ್ತದಾ?" ಅಂದರು ಇವರು. ಕೊಟ್ರೇಶಿಯ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಜ್ವರ ಇಂಜೆಕ್ಷನ್ನಿಗೆ ಇಳಿಯಿತು. ಮನೆಯ ಕಾವು ಇಳಿಯಲು ಒಂದು ವರ್ಷ ಹಿಡಿಯಿತು.

ಇನ್ನೊಂದು ವರ್ಷ ಗಾಣದ ಬೀದಿಯಲ್ಲಿ ಜ್ವರ ಜಾಸ್ತಿಯಾದಾಗ, ಅಲ್ಲಿ ಬೋಂಡದ ಅಂಗಡಿ ಇಟ್ಟಿದ್ದ ಮುದ್ದಕ್ಕನೇ ಮೂಲ ಎಂದು ಪಂಚಾಕ್ಷರಯ್ಯನವರು ತೀರ್ಮಾನ ಕೊಟ್ಟರು. ಅವಳ ಮನೆಯ ಮುಂಬಾಗಿಲಿಗೆ ಹಲಗೆ ಅಡ್ಡ ಇಟ್ಟು ಮೊಳೆ ಹೊಡೆಸಿದರು. ಹೊರಗಿನ ತಿಂಡಿ ಮುಟ್ಟುವುದಿಲ್ಲ ಎಂದು ಊರಿಗೆಲ್ಲ ಪ್ರತಿಜ್ಞೆ ಮಾಡಿಸಿ, ಮೊದಲ ಪ್ರತಿಜ್ಞೆ ತಾವೇ ಮಾಡಿದರು. ನಾನೂ ಕೈ ಎತ್ತಿದ್ದೆ.

ಅಂಥವರಿಗೆ ಒಂದು ಮಳೆಗಾಲ ಜ್ವರ ಬಂತು. ಡಾಕ್ಟರು ಮನೆಗೇ ಹೋದರು. "ಎಲ್ಲೆಲ್ಲಿ ಓಡಾಡಿದ್ರಿ?" "ನಮ್ಮ ಬೀದಿ ಬಿಟ್ಟು ಕದಲಿಲ್ಲ." ಪಂಚರ ಮಾತಿಗೆ ಪಂಚರು ಬೇಕೆ? ಬಿಳಿ ಮಾತ್ರೆ ಕೊಟ್ಟರು. ಜ್ವರ ಕೇಳಲಿಲ್ಲ. ಮೂರು ದಿನದಲ್ಲಿ ಕಣ್ಣು ಗುಳಿಗೆ ಇಳಿದವು, ಹೊಟ್ಟೆ ಉಬ್ಬಿತು, ಮಾತು ಎಳೆದು ಬರತೊಡಗಿತು. ಕಚೇರಿ ಬೀದಿ ಮುನಿಸಿಕೊಂಡಿತು. ಊರಿಗೆ ಅರ್ಥವಾಯಿತು: ಪಂಚರು ಸುಳ್ಳು ಹೇಳಿದ್ದಾರೆ.

ನಮ್ಮ ಊರಿನವರಿಗೆ ಒಂದು ದೊಡ್ಡ ದೌರ್ಬಲ್ಯ ಇದೆ. ದೊಡ್ಡ ಮನುಷ್ಯನ ಪಾಪವೂ ದೊಡ್ಡದೇ ಇರಬೇಕು ಎಂದು ಅವರ ಆಸೆ. ಕೊಟ್ರೇಶಿ ದವಾಖಾನೆಗೆ ಬಂದು, ತಾನು ಪಂಚಾಕ್ಷರಯ್ಯನವರನ್ನು ಹೂವಿನ ಬೀದಿಯಲ್ಲಿ, ಹೂವಿನವಳ ಮನೆ ಮೆಟ್ಟಿಲ ಮೇಲೆ, ಕಣ್ಣಾರೆ ಕಂಡೆ ಎಂದ. ಮೆಟ್ಟಿಲು ಎಂಬ ವಿವರ ನನಗೆ ಆಗಲೇ ಸ್ವಲ್ಪ ಹೆಚ್ಚಾಯಿತು ಅನ್ನಿಸಿತ್ತು. ಡಾಕ್ಟರು ಮತ್ತೆ ಹೋಗಿ ರೋಗಿಯ ಕಿವಿಯ ಹತ್ತಿರ ಬಗ್ಗಿ ಕೇಳಿದರು: "ಹೂವಿನ ಬೀದಿಯಾ? ಹೌದಾದ್ರೆ ಸುಮ್ಮನಿರಿ, ಅಲ್ಲ ಅಂದ್ರೆ ತಲೆ ಆಡ್ಸಿ." ಪಂಚಾಕ್ಷರಯ್ಯನವರು ಮಾಡಿನ ತೊಲೆ ನೋಡುತ್ತಾ ಸುಮ್ಮನಿದ್ದರು. ಹೆಂಡತಿ ಸರ್ವಮಂಗಳಮ್ಮ ಬಾಗಿಲಲ್ಲಿ ನಿಂತಿದ್ದರು.

ಇಂಜೆಕ್ಷನ್ನು ಕೊಟ್ಟರು. ಜ್ವರ ಇಳಿಯಲಿಲ್ಲ. ಮರುದಿನ ಹೂವಿನ ಬೀದಿಯ ಹೆಂಗಸರು ಬುಟ್ಟಿ ಸಮೇತ ದವಾಖಾನೆಯ ಮುಂದೆ ಬಂದು ನಿಂತರು. "ನಮ್ಮ ಬೀದಿ ಮದ್ದು ಮುರಿದ್ರಲ್ಲ ತಾಯಿ, ಇನ್ನು ನಮ್ಮ ಮಕ್ಕಳಿಗೆ ಜ್ವರ ಬಂದ್ರೆ ಏನ್ ಕಟ್ಟಾಣ, ಮಲ್ಲಿಗೆ ದಂಡೆನಾ?" ಎಂದು ಒಬ್ಬ ಮುದುಕಿ ಕೇಳಿದಳು. ಕೊಟ್ರೇಶಿ ಹೆದರಿ ಇನ್ನೊಂದು ಸಲಹೆ ತಂದ: "ಏಳೂ ಮದ್ದು ಒಟ್ಟಿಗೆ ಕೊಟ್ಬಿಡಿ ಡಾಕ್ಟ್ರೇ. ಯಾವುದಾದ್ರೂ ಒಂದು ತಾಗ್ತದೆ." ಈ ಮಾತಿಗೆ ಹೊರಗಿನ ಗುಂಪಿನಲ್ಲಿ ಬಹಳ ತಲೆಗಳು ಹೌದೆಂದು ಅಲ್ಲಾಡಿದವು. ಗೋಡೆಯಾಚೆಯಿಂದ ಡಾಕ್ಟರ ದನಿ ನನ್ನ ಕಪಾಟುಗಳನ್ನೂ ನಡುಗಿಸಿತು. "ಒಂದು ತಾಗ್ತದೆ, ಉಳಿದ ಬೀದಿಯೆಲ್ಲ ಮುನೀತವೆ. ಆಮೇಲೆ ಊರಿಗೆ ಜ್ವರ ಬಂದ್ರೆ ನಿನ್ನ ನಾಲಿಗೆ ಅರೆದು ಕೊಡ್ಲಾ? ಎರಡು ಸಲ ನಂಬಿ ಕೊಟ್ಟೆ. ಇನ್ನು ಬೀದಿ ಗೊತ್ತಾಗೋ ತನಕ ಒಂದು ತೊಟ್ಟೂ ಕೊಡಲ್ಲ."

"ಗೊತ್ತಾಗದೆ ಹೋದ್ರೆ?" ಎಂದದ್ದು ಸರ್ವಮಂಗಳಮ್ಮ. ಆಕೆ ಬಂದದ್ದೇ ನನಗೆ ಕೇಳಿಸಿರಲಿಲ್ಲ.

"ನಾಳೆ, ನಾಡಿದ್ದು. ಆಮೇಲೆ ಮದ್ದು ಸಿಕ್ಕಿದ್ರೂ ತಗೊಳ್ಳೋಕೆ ದೇಹ ಇರಲ್ಲ ಅಮ್ಮ."

ನಾನು ಎದ್ದು ದವಾಖಾನೆಗೆ ಹೋದೆ; ಗೋಡೆ ಎಷ್ಟೇ ತೆಳುವಾದರೂ ಮುಖ ತೋರಿಸುವುದಿಲ್ಲ. ಸರ್ವಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. "ನಮ್ಮೆಜಮಾನ್ರು ಹೆಂಗಸಿನ ಹತ್ರ ಹೋದೋರಲ್ಲ" ಅಂದರು. ಕೊಟ್ರೇಶಿ ಮೀಸೆಯಲ್ಲೇ ನಕ್ಕ. "ನಗ್ಬೇಡ. ತಪ್ಪು ಮಾಡಿ ಬಂದ ಗಂಡಸು ಮನೆ ಅಡಿಗೆ ಹೊಗಳ್ತಾನೆ. ನಿನ್ನ ಹೆಂಡ್ತಿನ ಕೇಳು, ನೀನು ಎಷ್ಟು ಹೊಗಳ್ತಿದ್ದೆ ಅಂತ. ಇವರು ಹೋದ ವಾರ ನಾನು ಕರಿದ ಬೋಂಡ ಬಾಯಿಗಿಟ್ಟು, 'ಸೋಂಪು ಹಾಕಿದ್ರೆ ಚೆನ್ನಾಗಿರ್ತಿತ್ತು' ಅಂದ್ರು. ನಾನು ಹಾಕೋದು ಓಮ. ನಮ್ಮತ್ತೆ ಹಾಕ್ತಿದ್ದದ್ದು ಓಮ. ಬೋಂಡಕ್ಕೆ ಸೋಂಪು ಅನ್ನೋದು ಇವರ ತಲೇಲಿ ತಾನಾಗಿ ಹುಟ್ಟೋ ವಿಚಾರ ಅಲ್ಲ. ಯಾರೋ ಹಾಕಿ ಕೊಟ್ಟಿದಾರೆ. ಇವರು ತಿಂದಿದಾರೆ."

ಪಂಚಾಕ್ಷರಯ್ಯನವರು ಬೋಂಡ ತಿಂದರು ಎಂಬುದಕ್ಕಿಂತ ಹೂವಿನ ಬೀದಿಯ ಮೆಟ್ಟಿಲನ್ನೇ ನಂಬುವುದು ಸುಲಭವಾಗಿತ್ತು. ಅವರಿಗೂ ಹಾಗೇ ಅನ್ನಿಸಿದ್ದಿರಬೇಕು. ಹೆಣ್ಣಿನ ಅಪವಾದ ಹೊತ್ತು ಸತ್ತರೆ ಊರು ನಾಲ್ಕು ದಿನ ಪಿಸುಗುಟ್ಟುತ್ತದೆ. ತಾನೇ ಮಾಡಿಸಿದ ಪ್ರತಿಜ್ಞೆಯನ್ನು ಒಂದು ಬೋಂಡಕ್ಕೆ ಮುರಿದೆ ಎಂದರೆ ಊರು ನಾಲ್ಕು ತಲೆಮಾರು ನಗುತ್ತದೆ. ಆ ಲೆಕ್ಕ ಹಾಕಿಯೇ ಅವರು ತೊಲೆ ನೋಡುತ್ತಾ ಮಲಗಿದ್ದರು.

"ಏಳು ಬೀದೀಲಿ ಬೋಂಡ ಎಲ್ಲಿ ಕರೀತಾರೋ ಅಲ್ಲೆಲ್ಲ ತಿಂದು ನೋಡ್ತೀನಿ" ಅಂದರು ಸರ್ವಮಂಗಳಮ್ಮ.

"ಒಂದೇ ದಿನ ಅಷ್ಟೂ ಕಡೆ ತಿಂದು ನಿಮಗೇ ಜ್ವರ ಬಂದ್ರೆ? ಯಾವ ಮದ್ದು ಅಂತ ಕೊಡ್ಲಿ ನಾನು?" ಎಂದರು ಡಾಕ್ಟರು. ನಮ್ಮ ಊರಿನಲ್ಲಿ ಹಾಗೆ ಮಾಡಿದವರು ಯಾರೂ ಇಲ್ಲ. ಬಾವಿಗೆ ಹಾರುವವರು ಕೂಡ ಯಾವ ಬೀದಿಯ ಬಾವಿ ಎಂದು ಮನೆಯವರಿಗೆ ಸುಳಿವು ಕೊಟ್ಟು ಹಾರುತ್ತಾರೆ.

"ನಂದು ಬಂದಾಗ ನೋಡೋಣ. ಅವರದು ಬಂದಾಗಿದೆ." ಆಮೇಲೆ ನನ್ನ ಕಡೆ ತಿರುಗಿದರು. "ನೀವೂ ಬನ್ನಿ. ಸಾಕ್ಷಿಗೆ ಒಬ್ಬರು ಬೇಕು. ಪುಸ್ತಕ ಯಾರೂ ಕದಿಯಲ್ಲ." ಕೊನೆಯ ಮಾತು ನಿಜವಾದ್ದರಿಂದ ಸ್ವಲ್ಪ ನೋವಾಯಿತು. ಆದರೂ ಹೋದೆ.

ಪ್ರತಿಜ್ಞೆ ಮಾಡಿದ ಊರಿನಲ್ಲಿ ಇಷ್ಟು ಬಾಣಲೆಗಳು ಇವೆ ಎಂದು ನನಗೆ ಗೊತ್ತಿರಲಿಲ್ಲ. ಹಿತ್ತಿಲುಗಳಲ್ಲಿ, ಟೈಲರ್ ಅಂಗಡಿಯ ಮಾಳಿಗೆಯಲ್ಲಿ, ಒಂದು ಕಡೆ ಸೋಡಾ ಕ್ರೇಟುಗಳ ಹಿಂದೆ. ಒಬ್ಬಳು ಇಂಗು ಹಾಕಿದ್ದಳು, ಇನ್ನೊಬ್ಬ ಹಸಿಮೆಣಸು, ಮತ್ತೊಬ್ಬ ಏನು ಹಾಕಿದ್ದ ಎಂದು ಅವನಿಗೇ ಗೊತ್ತಿರಲಿಲ್ಲ. ಸರ್ವಮಂಗಳಮ್ಮ ಪ್ರತಿಯೊಂದನ್ನೂ ಮುರಿದು, ಮೂಸಿ, ಅಗಿದು, ನುಂಗಿ, "ಅಲ್ಲ" ಎಂದು ಮುಂದೆ ನಡೆದರು. ಉಗುಳಿದರೆ ಸಾಲದೇ ಎಂದು ನಾನು ಕೇಳಿದ್ದಕ್ಕೆ, "ಸೋಂಪು ಗಂಟಲಲ್ಲಿ ಗೊತ್ತಾಗೋದು" ಅಂದರು. ನನಗೂ ಒಂದು ತುಂಡು ಚಾಚಿದರು. ನಾನು ಸಾಕ್ಷಿ ಮಾತ್ರ ಎಂದು ನೆನಪಿಸಿದೆ. ಹಿಂದೆ ಜನ ಸೇರುತ್ತಾ ಹೋಯಿತು, ಮೆರವಣಿಗೆಯಷ್ಟು; ಆದರೆ ಯಾರೂ ಹತ್ತಿರ ಬರಲಿಲ್ಲ. ಏಳು ಬೀದಿ ತಿಂದ ಹೆಂಗಸಿನ ಉಸಿರು ತಾಗಿದರೆ ಅದರ ವಿಳಾಸ ಯಾರು ಹೇಳಬೇಕು?

ಗಾಣದ ಬೀದಿಯಲ್ಲಿ ಮುದ್ದಕ್ಕನ ಮುಂಬಾಗಿಲ ಹಲಗೆ ಹಾಗೇ ಇತ್ತು, ಮೊಳೆ ತುಕ್ಕು ಹಿಡಿದು. ಅಲ್ಲಿ ಕರಿಯುವವರು ಬೇರೆ ಯಾರೂ ಇಲ್ಲ. ಉಳಿದದ್ದು ಸುಣ್ಣದ ಬೀದಿ ಒಂದೇ. ಅಲ್ಲಿ ಸುಣ್ಣ ಸುಡುವ ಗೂಡುಗಳು, ಬಿಳಿ ಧೂಳು, ಒಂದು ಸಾರ್ವಜನಿಕ ನಲ್ಲಿ. ತಿನ್ನುವಂಥದು ಏನೂ ಇಲ್ಲ. ಸರ್ವಮಂಗಳಮ್ಮ ನಲ್ಲಿಯ ಕಟ್ಟೆಯ ಮೇಲೆ ಕುಸಿದು ಕೂತರು. ಮುಖದ ಬಣ್ಣ ಇಳಿದಿತ್ತು. ಮನೆಗೆ ಹೋಗೋಣ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಮೂಗು ಎತ್ತಿದರು. ಕಾದ ಎಣ್ಣೆಯ ವಾಸನೆ. ನಲ್ಲಿಯ ಎದುರಿಗೆ ಒಂದು ಮನೆಯ ಹಿಂಗೋಡೆ, ಅದರಲ್ಲಿ ಒಂದು ಸಣ್ಣ ಕಿಟಕಿ. ಆಕೆ ಎದ್ದು ಹೋಗಿ ಬಡಿದರು. ಕಿಟಕಿ ಒಂದು ಗೇಣು ತೆರೆಯಿತು. ಎಲೆ ಹಿಡಿದ ಕೈ ಹೊರಗೆ ಬಂತು. "ಎರಡಾ, ಮೂರಾ?" ಎಂದಿತು ಒಳಗಿನ ದನಿ.

"ಒಂದು ಸಾಕು" ಎಂದು ಸರ್ವಮಂಗಳಮ್ಮ ತೆಗೆದುಕೊಂಡು ಕಚ್ಚಿದರು. ಕಣ್ಣು ಮುಚ್ಚಿದರು. ಗಂಟಲು ಇಳಿಯುವ ತನಕ ಕಾದರು. "ಸೋಂಪು" ಅಂದರು.

ಆ ಗೋಡೆ ಗಾಣದ ಬೀದಿಯ ಮುದ್ದಕ್ಕನ ಮನೆಯದು. ಮುಂಬಾಗಿಲು ಆ ಬೀದಿಗೆ, ಹಿಂಗಿಟಕಿ ಈ ಬೀದಿಗೆ.

"ಮುದ್ದಕ್ಕ, ನಾನು ಪಂಚರ ಮನೆಯವಳು. ನಮ್ಮೆಜಮಾನ್ರು ಇಲ್ಲಿಗೆ ಬರ್ತಿದ್ರಾ?"

ಕಿಟಕಿ ಧಡಾರನೆ ಮುಚ್ಚಿತು. ಒಳಗಿನಿಂದಲೇ ಉತ್ತರ ಬಂತು. "ಮುಂಬಾಗಿಲಿಗೆ ಮೊಳೆ ಹೊಡೆಸಿದೋರು ಹಿಂದಿನ ಕಿಟಕಿಗೆ ಯಾಕೆ ಬರ್ತಾರೆ?"

"ತಿನ್ನೋಕೆ."

"ಹೌದು ಅಂದ್ರೆ, ಜ್ವರ ಮುದ್ದಕ್ಕನ ಬೋಂಡದಿಂದ ಬಂತು ಅಂತೀರ. ಕಿಟಕಿಗೂ ಮೊಳೆ. ಆಮೇಲೆ ನಾನೇನು ತಿನ್ಲಿ, ಮೊಳೆನಾ?"

"ಇಲ್ಲ ಅಂದ್ರೆ ಅವರು ಸಾಯ್ತಾರೆ."

ಕಿಟಕಿ ತೆರೆಯಲಿಲ್ಲ. ಸರ್ವಮಂಗಳಮ್ಮ ಕಿಟಕಿಯ ಕೆಳಗೆ ಸುಣ್ಣದ ಧೂಳಿನಲ್ಲೇ ಕೂತರು. "ಡಾಕ್ಟರನ್ನ ಕರ್ಕೊಂಡು ಬನ್ನಿ. ನಾನು ಇಲ್ಲಿಂದ ಏಳಲ್ಲ" ಎಂದು ನನಗೆ ಹೇಳಿದರು. ನಾನು ಓಡಿದೆ. ನನ್ನ ವಯಸ್ಸಿಗೆ ಓಡಿದೆ ಎಂಬುದು ಗೌರವದ ಮಾತು.

ಡಾಕ್ಟರು ಬರುವಷ್ಟರಲ್ಲಿ ಗುಂಪು ಎರಡು ಪಕ್ಷವಾಗಿತ್ತು. ಬೋಂಡ ಹುಟ್ಟಿದ್ದು ಗಾಣದ ಬೀದಿಯಲ್ಲಿ, ಆದ್ದರಿಂದ ಕ್ಯಾಪ್ಸೂಲು ಎಂದು ಒಂದು ಪಕ್ಷ. ಬಾಯಿ ಇದ್ದದ್ದು ಸುಣ್ಣದ ಬೀದಿಯಲ್ಲಿ, ಆದ್ದರಿಂದ ಹಳದಿ ಮಾತ್ರೆ ಎಂದು ಇನ್ನೊಂದು. ಕಿಟಕಿಯ ಹೊಸ್ತಿಲು ಯಾರಿಗೆ ಸೇರಿದ್ದು ಎಂದು ನಡುವೆ ಒಬ್ಬ ಅಳತೆ ಶುರುಮಾಡಿದ್ದ. ಡಾಕ್ಟರು ಯಾರ ಮಾತೂ ಕೇಳದೆ ಕಿಟಕಿಗೆ ಬಾಯಿ ಹಚ್ಚಿದರು. "ಮುದ್ದಕ್ಕ, ನಾನು ವಾರಿಜಾ. ಮೊಳೆ ಹೊಡೆಯೋಕೆ ಬಂದಿಲ್ಲ. ಬೋಂಡ ಬಿಸಿ ಕೊಡ್ತಿದ್ದೆಯಾ, ಆರಿದ್ದಾ?"

ಕಿಟಕಿ ತೆರೆಯಿತು. ಬೆವೆತ ದುಂಡು ಮುಖ, ಹಣೆಯ ಮೇಲೆ ಹಿಟ್ಟು. "ಆರಿದ್ದು ನಾನು ನಾಯಿಗೂ ಹಾಕಲ್ಲ. ಬಾಣಲೆಯಿಂದ ಎಲೆಗೆ. ಬಾಯಿ ಸುಡ್ತು ಅಂತ ನನ್ನೇ ಬೈಕೊಂಡು ತಿಂತಿದ್ರು."

"ಚಟ್ನಿ?"

"ಬೇಡ ಅಂತಿದ್ರು. ಪಂಚೆ ಮೇಲೆ ಬಿದ್ರೆ ಮನೇಲಿ ಗೊತ್ತಾಗ್ತದೆ ಅಂತ."

ಸರ್ವಮಂಗಳಮ್ಮ ಕೂತಲ್ಲೇ ಮುಖ ಬೇರೆ ಕಡೆ ತಿರುಗಿಸಿದರು. ಹೂವಿನ ಬೀದಿಯ ಅಪವಾದಕ್ಕೆ ಅಲುಗದವರು ಚಟ್ನಿಗೆ ಅಲುಗಿದ್ದನ್ನು ನಾನು ನೋಡಿದೆ.

"ನೀರು ಯಾರು ಕೊಡ್ತಿದ್ರು?" ಎಂದರು ಡಾಕ್ಟರು.

"ನಾನಂತೂ ಅಲ್ಲ." ಮುದ್ದಕ್ಕ ಗದ್ದ ಎತ್ತಿದಳು. "ನನ್ನ ಬಾಗಿಲಿಗೆ ಮೊಳೆ ಹೊಡೆಸಿದೋರಿಗೆ ಬೋಂಡ ಮಾರ್ತೀನಿ. ನೀರು ಕೊಡಲ್ಲ."

ಡಾಕ್ಟರು ತಿರುಗಿ ನಲ್ಲಿಯನ್ನು ನೋಡಿದರು. ಬುಡದಲ್ಲಿ ಚರಂಡಿಯ ನೀರು ನಿಂತಿತ್ತು, ಕೊಳವೆ ಅದರೊಳಗಿಂದಲೇ ಮೇಲೆದ್ದಿತ್ತು. "ಇವಳು ಬೋಂಡ ಉಳಿಸ್ಕೊಳ್ಳೋಕೆ ಹೇಳ್ತಾಳೆ!" ಎಂದು ಕೊಟ್ರೇಶಿ ಕೂಗಿದ. "ಇರಬಹುದು" ಎಂದರು ಡಾಕ್ಟರು. "ಆದರೆ ಕುದಿಯೋ ಎಣ್ಣೇಲಿ ಮುಳುಗಿ ಎದ್ದದ್ದರಲ್ಲಿ ಯಾವ ಜ್ವರವೂ ಬದುಕಿರಲ್ಲ. ಆದ್ರೂ ಈ ಸಲ ಅವರ ಬಾಯಿಂದ ಕೇಳಿಯೇ ಕೊಡ್ತೀನಿ."

ನಾವೆಲ್ಲ ಕಚೇರಿ ಬೀದಿಗೆ ಹೋದೆವು. ಪಂಚಾಕ್ಷರಯ್ಯನವರು ನಮ್ಮ ಮುಖ ನೋಡಿ, ವಿಷಯ ಗೊತ್ತಾಗಿದೆ ಎಂದು ತಿಳಿದು, ಕಷ್ಟಪಟ್ಟು ಗೋಡೆಯ ಕಡೆ ಹೊರಳಿಕೊಂಡರು. ಆ ಬೆನ್ನು ಸಾಯಲು ಸಿದ್ಧವಾಗಿತ್ತು. ಡಾಕ್ಟರು ಮಂಚದ ಅಂಚಿನಲ್ಲಿ ಕೂತು ಮೆಲ್ಲಗೆ, ಆದರೆ ಬಿಡದೆ ಕೇಳಿದರು. "ಏನು ತಿಂದ್ರಿ ಅಂತ ನಾನು ಕೇಳಲ್ಲ. ಎಲ್ಲಿ ತಿಂದ್ರಿ ಅಂತಲೂ ಕೇಳಲ್ಲ. ನೀರು ಎಲ್ಲಿ ಕುಡಿದ್ರಿ, ಅಷ್ಟು ಹೇಳಿ."

ಗೋಡೆಯ ಕಡೆಯಿಂದ ಒಣಗಿದ ದನಿ ಬಂತು. "ಸುಣ್ಣದ ಬೀದಿ ನಲ್ಲಿ."

"ಅಲ್ಲಿಗೆ ಯಾಕೆ ಹೋಗಿದ್ರಂತೆ?" ಎಂದು ಬಾಗಿಲಿನಿಂದ ಕೊಟ್ರೇಶಿ.

"ಬಾಯಾರಿಕೆಗೆ" ಎಂದು ಸರ್ವಮಂಗಳಮ್ಮ ಅವನ ಮುಖದ ಮೇಲೆ ಕದ ಹಾಕಿದರು.

ಹಳದಿ ಮಾತ್ರೆ ಶುರುವಾಯಿತು. ಎರಡು ದಿನ ಏನೂ ತಿಳಿಯಲಿಲ್ಲ. ಮೂರನೆಯ ಬೆಳಿಗ್ಗೆ ಬೆವರು ಬಂತು. ನಾಲಿಗೆ ಮುದುಡುತ್ತದೆ, ಜ್ವರ ಬಿಟ್ಟಿತಲ್ಲ, ಇನ್ನು ಸಾಕು ಎಂದು ರೋಗಿ ಮುಖ ಕಿವುಚಿದಾಗ, "ಡಾಕ್ಟ್ರು ಹೇಳಿದಷ್ಟೂ ನುಂಗ್ಬೇಕು. ಏಳು ಬೀದಿ ಬೋಂಡ ನಾನು ನುಂಗಿಲ್ವಾ?" ಎಂದು ಸರ್ವಮಂಗಳಮ್ಮ ಕೊನೆಯ ಮಾತ್ರೆಯ ತನಕ ಎದುರಿಗೆ ನಿಂತು ನುಂಗಿಸಿದರು. ಆಕೆಗೆ ಯಾವ ಬೀದಿಯ ಜ್ವರವೂ ಬರಲಿಲ್ಲ. ಹೊಟ್ಟೆ ಮಾತ್ರ ವಾರ ಕೆಟ್ಟಿತ್ತು. ಅದಕ್ಕೆ ಡಾಕ್ಟರು ಮಜ್ಜಿಗೆ ಕೊಟ್ಟರು, ಮಾತ್ರೆ ಕೊಡಲಿಲ್ಲ.

ಆ ಮಳೆಗಾಲದ ನಡುವೆ ಹೂವಿನ ಬೀದಿಯಲ್ಲಿ, ಅಂದು ಬುಟ್ಟಿ ಹೊತ್ತು ಬಂದಿದ್ದ ಮುದುಕಿಯ ಮೊಮ್ಮಗಳಿಗೆ ಜ್ವರ ಬಂತು. ಇಂಜೆಕ್ಷನ್ನಿನ ಮಾತನ್ನು ಜ್ವರ ಕೇಳಲಿಲ್ಲ. ಡಾಕ್ಟರು ಆ ಮನೆಯಲ್ಲೇ ಕೂತು ಒದ್ದೆ ಬಟ್ಟೆ ಹಾಕಿದರು, ಗಂಜಿ ಕುಡಿಸಿದರು. "ಚುಚ್ಚಿದೋಳು ನಾನೇ" ಎಂದು ಮುದುಕಿಗೆ ಹೇಳಿದರು, ಬೇರೆ ಯಾರ ಹೆಸರೂ ಎತ್ತಲಿಲ್ಲ. ಜ್ವರ ತಾನಾಗಿ ದಣಿದು ಬಿಟ್ಟಿತು. ಹೋಗುವಾಗ ಒಂದು ಕಿವಿಯನ್ನು ತೆಗೆದುಕೊಂಡು ಹೋಯಿತು.

ಈ ಸುದ್ದಿಯನ್ನು ಪಂಚಾಕ್ಷರಯ್ಯನವರಿಗೆ ಯಾರು ಮುಟ್ಟಿಸಿದರೋ ನನಗೆ ತಿಳಿಯದು. ಕೋಲು ಹಿಡಿದು ನಡೆಯುವಷ್ಟಾದ ದಿನವೇ ಅವರು ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುವಂತೆ ಹೂವಿನ ಬೀದಿಗೆ ಹೋದರು. ನಾನು ಹಿಂದೆಯೇ ಹೋದೆ, ಊರೂ ಬಂತು. ಹುಡುಗಿ ಮೆಟ್ಟಿಲ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದಳು. ಅವರು ಅವಳ ಮುಂದೆ ನಿಂತು, ಯಾರ ಪಾದವನ್ನೂ ನೋಡದೆ, "ನಾನು ಹೋದದ್ದು ಮುದ್ದಕ್ಕನ ಕಿಟಕಿಗೆ. ತಿಂದದ್ದು ಬೋಂಡ. ಕೇಳಿದಾಗ ಬಾಯಿ ಬಿಡಲಿಲ್ಲ" ಅಂದರು.

ಹುಡುಗಿ ತಲೆ ಎತ್ತಲಿಲ್ಲ. ಒಳಗಿನಿಂದ ಮುದುಕಿ, "ಈ ಕಡೆ ಬಂದು ಗಟ್ಟಿಯಾಗಿ ಹೇಳಿ ಸ್ವಾಮಿ. ಆ ಕಡೆ ಅವಳಿಗೆ ಕೇಳಾಕಿಲ್ಲ" ಅಂದಳು.

ಅವರು ಕೋಲು ಊರಿ ಈ ಕಡೆ ಬಂದರು. ಅದೇ ಮಾತನ್ನು ಇನ್ನೊಂದು ಸಲ, ಬೀದಿಯ ತುದಿಗೂ ಮುಟ್ಟುವಷ್ಟು ಗಟ್ಟಿಯ ದನಿಯಲ್ಲಿ ಹೇಳಿದರು. ಯಾರೂ ನಗಲಿಲ್ಲ. ಕೊಟ್ರೇಶಿ ಗುಂಪಿನಲ್ಲಿ ಇದ್ದವನು ಇದ್ದಕ್ಕಿದ್ದಂತೆ ಇರಲಿಲ್ಲ.

ಆ ವಾರ ಮುದ್ದಕ್ಕನ ಮುಂಬಾಗಿಲ ಹಲಗೆ ತೆಗೆದರು. ಸುಣ್ಣದ ಬೀದಿಯ ನಲ್ಲಿಯನ್ನು ಚರಂಡಿಯಿಂದ ದೂರಕ್ಕೆ ಸರಿಸಿದರು. ಪಂಚಾಕ್ಷರಯ್ಯನವರು ಪಂಚರ ಕೆಲಸ ಬಿಟ್ಟರು. ಹುಡುಗಿಗೆ ಬಲಗಿವಿ ಕೇಳಿಸುವುದಿಲ್ಲ.